ಜಲಜನಕಕ್ಕೆ ಕಣಜವೆಲ್ಲಿ?

2030ರೊಳಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಜಲಜನಕವನ್ನು ಉತ್ಪಾದಿಸಬೇಕೆಂಬ ಗುರಿಯಿಂದ ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ಯೋಜನೆಯನ್ನು ಅಂಗೀಕರಿಸಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಬೆಳೆ ಬೆಳೆಯುವವನು ಕಣಜದ ಚಿಂತೆಯನ್ನೂ ಮಾಡಬೇಕಷ್ಟೆ? ಅನಿಲಗಳಲ್ಲೆಲ್ಲ ಹಗುರವಾದ ಇದನ್ನು ಕೂಡಿಡುವುದು ಸುಲಭವಲ್ಲ. ಮೋಟಾರು ವಾಹನಗಳಲ್ಲಿ ಇದನ್ನು ವಾಯುಮಂಡಲದ ಒತ್ತಡಕ್ಕಿಂತ ಸುಮಾರು 700 ಪಟ್ಟು ಒತ್ತಡದಲ್ಲಿ ಅದುಮಿ ತುಂಬಬೇಕಾಗಿದೆ.

ಇದಕ್ಕೆ ಬೇರೊಂದು ಮಾರ್ಗವುಂಟು. ಕೆಲವು ಲೋಹಗಳು ಜಲಜನಕವನ್ನು ತಮ್ಮೊಳಗೆ ಹೀರಿಕೊಳ್ಳುತ್ತವೆ. ಪೆಲ್ಲೇಡಿಯಂ ಲೋಹದ ಈ ಗುಣವನ್ನು ಥಾಮಸ್ ಗ್ರಹಾಂ ಎಂಬ ರಸಾಯನ ಶಾಸ್ತ್ರಜ್ಞನು 1866ರಲ್ಲಿಯೇ ಕಂಡನು. ಆದರೆ ಅದು ಬಹು ದುಬಾರಿಯಾದ ಲೋಹ. ಅಗ್ಗವಾದ ಮೆಗ್ನೀಷಿಯಂ ಜಲಜನಕದೊಡನೆ ಕೂಡಿದಾಗ ಉಂಟಾಗುವ ಹೈಡ್ರೈಡಿನಲ್ಲಿ ತೂಕದ ಶೇಕಡಾ 7.6ರಷ್ಟು ಜಲಜನಕವೇ ಇರುತ್ತದೆ. ದೋಷವೇನೆಂದರೆ, ಅದು ಹೀರುವುದೂ ನಿಧಾನ, ಬಿಡುವುದೂ ನಿಧಾನ. ಬಿಡಬೇಕಾದರೆ ಸುಮಾರು 300 ಡಿಗ್ರಿ ಸೆಂಟಿಗ್ರೇಡಿನ ಕಾವು ಬೇಕು.

ಇಲ್ಲಿ ವೇಗವರ್ಧಕಗಳು ನೆರವಿಗೆ ಬರುತ್ತವೆ. ಜೋಡಿಯಾಗಿರುವ ಜಲಜನಕದ ಪರಮಾಣುಗಳು ಬೇರ್ಪಟ್ಟಲ್ಲದೆ ಲೋಹದೊಳಗೆ ಹೋಗಲಾರವು. ಈ ಬೇರ್ಪಡಿಕೆಯಲ್ಲಿ ಮೆಗ್ನೀಷಿಯಂ ಅಸಮರ್ಥ; ನಿಯೋಬಿಯಂ ಆಕ್ಸೈಡಿನಂಥ ವಸ್ತುವನ್ನು ಸ್ವಲ್ಪವೇ ಬೆರೆಸಿ ನುಣ್ಣಗೆ ಅರೆದರೆ ಗಂಟೆಗಳ ಕೆಲಸವು ನಿಮಿಷಗಳಲ್ಲಿ ಮುಗಿಯುತ್ತದೆ. ಜರ್ಮನಿಯ ಬೊಗ್ದಾನೊವಿಚ್ ಮತ್ತು ಶ್ವಿಕಾರ್ಡಿ ಎಂಬವರು 1997ರಲ್ಲಿ, ಸೋಡಿಯಂ ಮತ್ತು ಅಲ್ಯುಮಿನಿಯಂಗಳ ಹೈಡ್ರೈಡಿಗೆ ಟೈಟೇನಿಯಂ ಬೆರೆಸಿ, ಒಮ್ಮೆ ಬಿಟ್ಟ ಜಲಜನಕವನ್ನು ಅದು ಮತ್ತೆ ಹೀರುವಂತೆ ಮಾಡಬಹುದೆಂದು ತೋರಿಸಿಕೊಟ್ಟರು.

ಆದಾಗ್ಯೂ ಒಂದು ಸತ್ಯವನ್ನು ವಾಚಕರಿಂದ ಮುಚ್ಚಿಡುವುದು ನಮ್ಮ ಧರ್ಮವಲ್ಲ. ವೇಗವರ್ಧಕವು ಬಾಗಿಲನ್ನು ತೆರೆಯಬಲ್ಲದು. ಸುಂಕವನ್ನು ಮನ್ನಾ ಮಾಡಲಾರದು. ಮೆಗ್ನೀಷಿಯಂನಿಂದ ಜಲಜನಕವನ್ನು ಬಿಡಿಸಲು ವ್ಯಯವಾಗುವ ಶಾಖವು, ಆ ಜಲಜನಕವನ್ನು ಉರಿಸಿ ಪಡೆಯುವ ಶಾಖದ ಹತ್ತರಲ್ಲಿ ಮೂರು ಪಾಲಿನಷ್ಟಾಗುತ್ತದೆ. ಯಾವ ವೇಗವರ್ಧಕವೂ ಇದನ್ನು ತಗ್ಗಿಸಲಾರದು. ತಗ್ಗಿಸಬೇಕಾದರೆ ಹೈಡ್ರೈಡನ್ನೇ ಬದಲಿಸಬೇಕು. ಇಲ್ಲವೆ ಕಾರ್ಖಾನೆಗಳಲ್ಲಿ ವ್ಯರ್ಥವಾಗುವ ಕಾವನ್ನು ಬಳಸಿಕೊಳ್ಳಬೇಕು.

ಆದುದರಿಂದ ವೇಗದ ವಾರ್ತೆಯೊಂದನ್ನೇ ಕೇಳಿ ಹಿಗ್ಗುವುದು ತರವಲ್ಲ. ಎಷ್ಟು ತೂಕ, ಎಷ್ಟು ಕಾವು, ಎಷ್ಟು ಸಾವಿರ ಸಲದ ಬಾಳಿಕೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕು. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ದಿವಂಗತ ಪ್ರೊಫೆಸರ್ ಓ. ಎನ್. ಶ್ರೀವಾಸ್ತವರು ದಶಕಗಳ ಕಾಲ ಹೈಡ್ರೈಡುಗಳ ಸಂಶೋಧನೆ ನಡೆಸಿದರು. ಅಂಥ ತಾಳ್ಮೆಯ ದುಡಿಮೆಗೆ ಉತ್ಪಾದನೆಯಷ್ಟೇ ಉದಾರವಾದ ದ್ರವ್ಯಸಹಾಯ ದೊರೆಯಬೇಕೆಂಬುದು ನಮ್ಮ ಆಗ್ರಹ. ಕಣಜವಿಲ್ಲದವನ ಬೆಳೆಯು ಗಾಳಿಯ ಪಾಲು.