ಜೋಳದ ವಡೆ: ಮನೆಯಲ್ಲಿ ತಯಾರಿಸುವ ಕ್ರಮ

ದಾವಣಗೆರೆ ತಾಲ್ಲೂಕಿನ ಮಾಯಕೊಂಡ ಹೋಬಳಿಯ ಹೊಲಗಳಲ್ಲಿ ಇಂದು ಮೆಕ್ಕೆಜೋಳವೇ ಹೆಚ್ಚಾಗಿ ಕಾಣುತ್ತದೆ. ಆದರೂ ಊಟಕ್ಕೆ ಬಿಳಿಜೋಳದ ರೊಟ್ಟಿಯನ್ನು ಬಯಸುವ ಮನೆಗಳು ಈ ಭಾಗದಲ್ಲಿ ಸಾಕಷ್ಟಿವೆ. ಅದೇ ಹಿಟ್ಟಿನಿಂದ ಉತ್ತರ ಕರ್ನಾಟಕದ ಮನೆಗಳಲ್ಲಿ ಕರಿಯುವ ಜೋಳದ ವಡೆಯು ರುಚಿಕರವಾದ ಖಾರದ ತಿಂಡಿ. ಪ್ರಯಾಣದ ಬುತ್ತಿಗೂ ಇದು ಅನುಕೂಲ.

ಕಾಳಿನ ಆಯ್ಕೆ

ತೆನೆ ಬಲಿಯುವಾಗ ಮಳೆಗೆ ಸಿಕ್ಕ ಜೋಳವು ಬೂಷ್ಟು ಹಿಡಿದು ಕಪ್ಪಾಗುತ್ತದೆ. ಇಂತಹ ಕಾಳನ್ನು ತಿನ್ನಲು ಉಪಯೋಗಿಸಬಾರದು. ಕೆಲವು ಶಿಲೀಂಧ್ರಗಳು ಉಂಟುಮಾಡುವ ವಿಷವು ಎಣ್ಣೆಯಲ್ಲಿ ಕರಿದರೂ ಪೂರ್ತಿ ನಾಶವಾಗುವುದಿಲ್ಲ. ಮೆಕ್ಕೆಜೋಳ ಮತ್ತು ಶೇಂಗಾಕ್ಕೂ ಈ ಮಾತು ಅನ್ವಯಿಸುತ್ತದೆ. ಕಾಳಿನ ತೇವಾಂಶ ಶೇಕಡಾ 12ಕ್ಕಿಂತ ಕಡಿಮೆಯಾಗುವವರೆಗೆ ಒಣಗಿಸಿ ಶೇಖರಿಸಬೇಕು. ಜೋಳದ ಮೊಳಕೆಯ ಭಾಗದಲ್ಲಿ ಕೊಬ್ಬಿನಂಶವಿರುವುದರಿಂದ ಹಿಟ್ಟು ಬಹಳ ದಿನ ಇಟ್ಟರೆ ಕಹಿಯಾಗುತ್ತದೆ. ಆದುದರಿಂದ ಬೇಕಾದಷ್ಟನ್ನು ಮಾತ್ರ ಬೀಸಿಸುವುದು ಒಳ್ಳೆಯದು.

ಬೇಕಾಗುವ ಸಾಮಗ್ರಿಗಳು (ಸುಮಾರು 30 ವಡೆಗಳಿಗೆ)

ಜೋಳದ ಹಿಟ್ಟು 500 ಗ್ರಾಂ, ಗೋಧಿ ಹಿಟ್ಟು 125 ಗ್ರಾಂ, ಕಡಲೆ ಹಿಟ್ಟು 125 ಗ್ರಾಂ, ಬಿಳಿ ಎಳ್ಳು 2 ದೊಡ್ಡ ಚಮಚ, ಅಜವಾನ ಮತ್ತು ಜೀರಿಗೆ ತಲಾ 1 ಸಣ್ಣ ಚಮಚ, ಖಾರದ ಪುಡಿ 2 ಸಣ್ಣ ಚಮಚ, ಸ್ವಲ್ಪ ಅರಿಶಿನ, ಉಪ್ಪು ಸುಮಾರು 15 ಗ್ರಾಂ, ಕರಿಯಲು ಎಣ್ಣೆ.

ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಡಲೆ ಹಿಟ್ಟು ಆ ಕೊರತೆಯನ್ನು ತುಂಬುತ್ತದೆ. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲದ ಕಾರಣ ಗೋಧಿ ಹಿಟ್ಟು ಮತ್ತು ಬಿಸಿನೀರು ಎರಡೂ ಅಗತ್ಯ. ಬಿಸಿನೀರಿನಿಂದ ಪಿಷ್ಟವು ಭಾಗಶಃ ಬೆಂದು ಹಿಟ್ಟಿಗೆ ಜಿಗಿ ಬರುತ್ತದೆ.

ಮಾಡುವ ವಿಧಾನ

ಹಿಟ್ಟುಗಳನ್ನು ಜರಡಿ ಹಿಡಿದು ಮಸಾಲೆ ಬೆರೆಸಬೇಕು. ಒಂದು ದೊಡ್ಡ ಚಮಚ ಕಾದ ಎಣ್ಣೆ ಹಾಕಿ, ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಸೌಟಿನಿಂದ ಕಲೆಸಬೇಕು. ಸುಮಾರು ಅರ್ಧ ಲೀಟರು ನೀರು ಸಾಲುತ್ತದೆ. ಕೈಗೆ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ, 15 ನಿಮಿಷ ಒದ್ದೆ ಬಟ್ಟೆ ಮುಚ್ಚಿಡಬೇಕು. ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ಪೂರಿಯಂತೆ ತಟ್ಟಬೇಕು. ಅಂಚು ಸೀಳಿದರೆ ನೀರು ಕಡಿಮೆಯಾಗಿದೆ. ಕೈಗೆ ಅಂಟಿದರೆ ಹೆಚ್ಚಾಗಿದೆ.

ಎಣ್ಣೆ ಸುಮಾರು 180 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ಚಿಟಿಕೆ ಹಿಟ್ಟು ಹಾಕಿದಾಗ ಅದು ಕಪ್ಪಾಗದೆ ಕೂಡಲೇ ಮೇಲೇಳಬೇಕು. ಎಣ್ಣೆ ತಣ್ಣಗಿದ್ದರೆ ವಡೆ ಎಣ್ಣೆ ಕುಡಿಯುತ್ತದೆ. ಹೊಗೆಯಾಡುವಷ್ಟು ಕಾದರೆ ಹೊರಗೆ ಸೀದು ಒಳಗೆ ಹಸಿಯಾಗಿ ಉಳಿಯುತ್ತದೆ. ಉಬ್ಬಿದ ವಡೆಯನ್ನು ತಿರುವಿ, ಎರಡೂ ಬದಿ ಕೆಂಪಗಾದ ಮೇಲೆ ತೆಗೆಯಬೇಕು.

ಬುತ್ತಿಗೆ ಕಟ್ಟುವ ವಡೆಯನ್ನು ತೆಳುವಾಗಿ ತಟ್ಟಿ, ಮಂದ ಉರಿಯಲ್ಲಿ ಗುಳ್ಳೆ ನಿಲ್ಲುವವರೆಗೆ ಕರಿಯಬೇಕು. ಗುಳ್ಳೆ ನಿಂತರೆ ನೀರಿನಂಶ ಹೋಗಿದೆ ಎಂದು ತಿಳಿಯಬೇಕು. ಪೂರ್ತಿ ಆರಿದ ನಂತರವೇ ಡಬ್ಬಿಗೆ ತುಂಬಬೇಕು. ಹಸಿ ಕೊತ್ತಂಬರಿ ಸೊಪ್ಪು ಅಥವಾ ಬೆಳ್ಳುಳ್ಳಿ ಹಾಕಿದ ವಡೆಯನ್ನು ಅಂದೇ ತಿನ್ನುವುದು ಲೇಸು.

ಎಣ್ಣೆಯ ಬಗ್ಗೆ ಎಚ್ಚರಿಕೆ

ಒಮ್ಮೆ ಕರಿದ ಎಣ್ಣೆಯನ್ನು ಸೋಸಿ ಬೇಗನೆ ಒಗ್ಗರಣೆಗೆ ಮುಗಿಸಬೇಕು. ಹಳೆಯದಕ್ಕೆ ಹೊಸ ಎಣ್ಣೆ ಸೇರಿಸುತ್ತ ಹೋಗುವುದು ಹಾನಿಕರ. ಕಪ್ಪಾದ, ನೊರೆ ಕಟ್ಟುವ ಎಣ್ಣೆಯನ್ನು ಬಿಟ್ಟುಬಿಡಬೇಕು. ಪದೇ ಪದೇ ಕಾಯಿಸಿದಾಗ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಇವು ಶೇಕಡಾ 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಗೆ ಬಂದಿದೆ. ಮಾರಾಟಕ್ಕೆ ಕರಿಯುವ ಸ್ತ್ರೀಶಕ್ತಿ ಗುಂಪುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಬಾಣಲೆಗೆ ಬೆಂಕಿ ಹತ್ತಿದರೆ ನೀರು ಹಾಕಕೂಡದು. ಒಲೆ ಆರಿಸಿ ಮುಚ್ಚಳ ಮುಚ್ಚಬೇಕು.

ಬಿಸಿ ವಡೆಯನ್ನು ಶೇಂಗಾ ಚಟ್ನಿಪುಡಿ ಮತ್ತು ಗಟ್ಟಿ ಮೊಸರಿನೊಡನೆ ಬಡಿಸಿದರೆ ರುಚಿ ಹೆಚ್ಚು.