ಗೊಮ್ಮಟನ ಹುಟ್ಟುದಿನ: ಆರುನೂರರ ಹೊಸ್ತಿಲಲ್ಲಿ ಕಾರ್ಕಳ

ಶಕವರ್ಷ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಕಾರ್ಕಳದ ಬೆಟ್ಟದ ಮೇಲಿನ ಬಾಹುಬಲಿ ಪ್ರತಿಷ್ಠೆಗೊಂಡ ದಿನವಿದು. ಇಂಗ್ಲಿಷ್ ಲೆಕ್ಕಕ್ಕೆ 1432ರ ಫೆಬ್ರವರಿ 13. ಮಾಡಿಸಿದವನು ಭೈರರಸರ ವಂಶದ ವೀರಪಾಂಡ್ಯ, ಮಾಡಿಸೆಂದು ಪ್ರೇರೇಪಿಸಿದವರು ಗುರು ಲಲಿತಕೀರ್ತಿ. ಇದಿಷ್ಟನ್ನೂ ವಿಗ್ರಹದ ಪಕ್ಕದ ಶಾಸನವೇ ಹೇಳುತ್ತದೆ.

ಇದು ಸಣ್ಣ ಸಂಗತಿಯಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರಿದೆ, ಕಾಲದ ನಮೂದಿಲ್ಲ. ಅಲ್ಲಿನ ವರ್ಷವನ್ನು ವಿದ್ವಾಂಸರು ಬೇರೆ ಆಧಾರಗಳಿಂದ ಊಹಿಸಬೇಕಾಯಿತು. ಕಾರ್ಕಳದವನಿಗೆ ವಾರ, ತಿಥಿ ಸಹಿತ ಜಾತಕವೇ ಇದೆ. ಹಾಗಾಗಿ 2032ಕ್ಕೆ ಆರುನೂರು ತುಂಬುತ್ತದೆ ಎಂದು ಅಳುಕಿಲ್ಲದೆ ಹೇಳಬಹುದು.

ಸುಮಾರು 42 ಅಡಿ ಎತ್ತರದ ಏಕಶಿಲೆ. ಅಣ್ಣ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರನ್ನೂ ಗೆದ್ದು, ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಿಂತವನ ಕಾಲಿಗೆ ಬಳ್ಳಿ ಹಬ್ಬಿದೆ. ಕಲ್ಲನ್ನು ಆರಿಸಿದ್ದು, ಕಡೆದದ್ದು, ಬಂಡಿಗೆ ಏರಿಸಿ ಬೆಟ್ಟ ಹತ್ತಿಸಿದ್ದು, ಇವನ್ನೆಲ್ಲ 17ನೇ ಶತಮಾನದ ಚಂದ್ರಮ ಕವಿ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ ಎಂಬ ಸಾಂಗತ್ಯದಲ್ಲಿ ಹಾಡಿದ್ದಾನೆ. ಬೋಳು ಬಂಡೆಯ ಏರಿನಲ್ಲಿ ಅಷ್ಟು ಭಾರವನ್ನು ಎಳೆದ ಕೈಗಳ ಹೆಸರು ಶಾಸನದಲ್ಲಿಲ್ಲ. ಅವರನ್ನು ನೆನೆಯದೆ ಆರುನೂರರ ಹಬ್ಬ ಪೂರ್ತಿಯಾಗದು ಎಂಬುದು ನನ್ನ ನಂಬಿಕೆ.

ಪ್ರತಿಷ್ಠೆಯಾಗಿ ನಾಲ್ಕು ವರ್ಷಕ್ಕೆ, 1436ರಲ್ಲಿ, ಅದೇ ವೀರಪಾಂಡ್ಯ ಎದುರಿಗೆ ಬ್ರಹ್ಮದೇವರ ಕಂಬ ನಿಲ್ಲಿಸಿದ. ಒಂದೂವರೆ ಶತಮಾನದ ಬಳಿಕ ಅದೇ ವಂಶದ ಇಮ್ಮಡಿ ಭೈರವ, ಬೆಟ್ಟದ ಬುಡಕ್ಕೆ ಹತ್ತಿರದ ದಿಬ್ಬದ ಮೇಲೆ ಚತುರ್ಮುಖ ಬಸದಿ ಕಟ್ಟಿಸಿದ; ಅದು 1586. ನಾಲ್ಕು ದಿಕ್ಕಿಗೂ ಬಾಗಿಲು, ಒಂದೊಂದು ಬಾಗಿಲ ಎದುರಿಗೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು. ಬೆಟ್ಟಕ್ಕೆ ಬಂದವರು ಬಸದಿಯನ್ನು ನೋಡದೆ ಹೋಗುವುದು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ.

ತಿಥಿಯ ಲೆಕ್ಕದಲ್ಲಿ ಹುಟ್ಟುದಿನ ವರ್ಷವರ್ಷವೂ ಸರಿಯುತ್ತದೆ. ಊರು ಕಾಯುವುದು ಮಾತ್ರ ಹನ್ನೆರಡು ವರ್ಷಕ್ಕೊಮ್ಮೆ ಬರುವ ಮಹಾಮಸ್ತಕಾಭಿಷೇಕವನ್ನು. ಈ ಎಣಿಕೆಯೂ ಕಟ್ಟುನಿಟ್ಟಲ್ಲ: 2002ರ ನಂತರದ್ದು ನಡೆದದ್ದು 2015ರ ಜನವರಿಯಲ್ಲಿ. ವಿಗ್ರಹದ ಹಿಂದೆ ಅಟ್ಟಳಿಗೆ ಏಳುತ್ತದೆ. ನೀರು, ಎಳನೀರು, ಕಬ್ಬಿನ ಹಾಲು, ಹಾಲು, ಅಕ್ಕಿಹಿಟ್ಟು, ಅರಸಿನ, ಕಷಾಯ, ಗಂಧ, ಕೊನೆಗೆ ಹೂವು. ಕಪ್ಪು ಕಲ್ಲು ಬಿಳಿಯಾಗಿ, ಹಳದಿಯಾಗಿ, ಕೆಂಪಾಗಿ ಬದಲಾಗುವುದನ್ನು ಕಂಡವರು ಅದನ್ನು ಮರೆಯಲಾರರು. ಕರಾವಳಿಯಲ್ಲಿ ಇದು ಚಳಿ–ಬಿಸಿಲ ತಿಂಗಳುಗಳ ಕೆಲಸ. ಜೂನ್, ಜುಲೈಯಲ್ಲಿ ಬಯಲಲ್ಲಿ ನಿಂತ ಗೊಮ್ಮಟನ ತಲೆಯ ಮೇಲೆ ಮಳೆ ಬಿಡದೆ ಸುರಿಯುತ್ತಿರುತ್ತದೆ. ಅಭಿಷೇಕದ ಹೊಣೆ ಹೊರುವ ಕಾರ್ಕಳದ ಜೈನಮಠದ ಪೀಠಾಧಿಪತಿಗಳಿಗೆ ಇಂದಿಗೂ ಲಲಿತಕೀರ್ತಿ ಭಟ್ಟಾರಕ ಎಂಬುದೇ ಹೆಸರು. ಶಾಸನದ ಗುರುವಿನ ಹೆಸರು ಮಠದಲ್ಲಿ ಉಳಿದುಬಂದಿದೆ.

ಹೆಸರಿನಂತೆ ಉಳಿ–ಸುತ್ತಿಗೆಯ ವಿದ್ಯೆಯೂ ಈ ಊರಲ್ಲಿ ಉಳಿಯಿತು. ಧರ್ಮಸ್ಥಳದ 39 ಅಡಿಯ ಬಾಹುಬಲಿ ರೂಪುಗೊಂಡದ್ದು ಕಾರ್ಕಳದಲ್ಲೇ, ರೆಂಜಾಳ ಗೋಪಾಲ ಶೆಣೈಯವರ ನೇತೃತ್ವದಲ್ಲಿ. 1896ರಲ್ಲಿ ಹುಟ್ಟಿದ ಶೆಣೈಯವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಆ ಕೆಲಸ ಮಾಡಿದರು. ರತ್ನವರ್ಮ ಹೆಗ್ಗಡೆಯವರು ಸಂಕಲ್ಪಿಸಿದ ಆ ವಿಗ್ರಹ 1973ರಲ್ಲಿ 64 ಚಕ್ರಗಳ ಬಂಡಿಯೇರಿ ಹೊರಟಿತು, 1982ರಲ್ಲಿ ಪ್ರತಿಷ್ಠೆಯಾಯಿತು. ವೀರಪಾಂಡ್ಯನ ಕಾಲದ ಸಾಹಸ ಹೇಗಿದ್ದೀತು ಎಂಬುದನ್ನು ನಮ್ಮ ಹಿರಿಯರು ಆಗ ರಸ್ತೆ ಬದಿಯಲ್ಲಿ ನಿಂತು ಕಣ್ಣಾರೆ ಕಂಡರು.

ಪಕ್ಕದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಟ್ರಸ್ಟ್ ನಡೆಸುವ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಯುವಕರಿಗೆ ಶಿಲ್ಪವಿದ್ಯೆ ಕಲಿಸುತ್ತಿದೆ. 2032ರ ಹಬ್ಬಕ್ಕೆ ಸಮಿತಿ, ಚಪ್ಪರ, ದೀಪಾಲಂಕಾರ ಹೇಗೂ ಬರುತ್ತವೆ. ಅದರ ಜೊತೆಗೆ ಶಾಸನದ ಪಾಠವನ್ನು ಹೊಸಗನ್ನಡದ ಅರ್ಥದೊಂದಿಗೆ ಮೆಟ್ಟಿಲ ಬುಡದಲ್ಲಿ ಕಲ್ಲಿನಲ್ಲೇ ಕೆತ್ತಿಸಿ ನಿಲ್ಲಿಸಬೇಕು. ಕೆತ್ತುವ ಕೆಲಸ ಈ ಹುಡುಗರಿಗೇ ಸಿಗಬೇಕು, ಕಲ್ಲಿನ ಮೂಲೆಯಲ್ಲಿ ಅವರ ಹೆಸರೂ ಇರಬೇಕು.