ಆಚಾರ್ಯ ಸತೀಶ್ ಧವನ್

ಉಪಗ್ರಹ ಉಡಾವಣೆಯ ವಾರ್ತೆ ಬಂದಾಗಲೆಲ್ಲ ಶ್ರೀಹರಿಕೋಟೆಯ ಕೇಂದ್ರದೊಡನೆ ಸತೀಶ್ ಧವನ್ ಎಂಬ ಹೆಸರು ನಮ್ಮ ಕಿವಿಗೆ ಬೀಳುವುದುಂಟು. ಆದರೆ ಆ ಮಹನೀಯರು ತಮ್ಮ ಜೀವಿತದ ಪ್ರೌಢಕಾಲವನ್ನು ಬೆಂಗಳೂರಿನಲ್ಲಿ, ಜನರು ವಾಡಿಕೆಯಿಂದ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಧ್ಯಾಪಕರಾಗಿ ಕಳೆದರೆಂಬುದನ್ನು ಸ್ಮರಿಸುವವರು ವಿರಳ.

1920ರಲ್ಲಿ ಶ್ರೀನಗರದಲ್ಲಿ ಜನಿಸಿ, ಲಾಹೋರಿನಲ್ಲಿ ಗಣಿತ ಭೌತಶಾಸ್ತ್ರಗಳನ್ನೂ ಇಂಗ್ಲಿಷ್ ಸಾಹಿತ್ಯವನ್ನೂ ಬಳಿಕ ಮೆಕ್ಯಾನಿಕಲ್ ಎಂಜಿನಿಯರಿಂಗನ್ನೂ ಅಭ್ಯಸಿಸಿದ ಅವರು, ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ನರ ಶಿಷ್ಯರಾಗಿ ಡಾಕ್ಟರೇಟ್ ಪಡೆದು 1951ರಲ್ಲಿ ಈ ಸಂಸ್ಥೆಗೆ ಬಂದರು. ವೇಗವಾಗಿ ಹರಿಯುವ ಗಾಳಿಯು ತಾನು ಸೋಕಿದ ಮೇಲ್ಮೈಯನ್ನು ಎಷ್ಟು ಬಲದಿಂದ ಎಳೆಯುತ್ತದೆ ಎಂಬುದು ಅವರ ಸಂಶೋಧನೆಯ ವಸ್ತು. ಮೇಲ್ಮೈಯ ಒಂದು ಕಿರುತುಣುಕನ್ನು ಬಿಡಿಯಾಗಿ, ಅಲುಗುವಂತೆ ಇರಿಸಿ, ಗಾಳಿಯ ಸೆಳೆತಕ್ಕೆ ಅದು ಸರಿದ ಅತ್ಯಲ್ಪ ದೂರದಿಂದಲೇ ಘರ್ಷಣೆಯನ್ನು ಸಾಕ್ಷಾತ್ತಾಗಿ ಅಳೆದ ಆ ಪ್ರಯೋಗದಲ್ಲಿ ಅವರ ಸ್ವಭಾವವೆಲ್ಲ ಅಡಗಿದೆ: ಊಹಿಸಬಹುದಾದುದನ್ನೂ ಅಳೆದೇ ತಿಳಿಯಬೇಕು, ಅಳೆಯುವ ಸಾಧನವನ್ನು ಸ್ವತಃ ರಚಿಸಿಕೊಳ್ಳಬೇಕು.

ಈ ನಿಷ್ಠೆಯ ಫಲವೇ ದೇಶದ ಮೊದಲ ಶಬ್ದಾತೀತ ವೇಗದ ವಾಯುಸುರಂಗ. ವಾಯುಪ್ರವಾಹವನ್ನು ಇಕ್ಕಟ್ಟಾದ ಕಂಠದಲ್ಲಿ ಹಾಯಿಸಿ ಅನಂತರ ಅಗಲಗೊಳ್ಳುವ ನಾಳದಲ್ಲಿ ಹಿಗ್ಗಲು ಬಿಟ್ಟರೆ ಅದು ಶಬ್ದದ ವೇಗವನ್ನು ಮೀರುತ್ತದೆ. ಧವನ್ ಕಟ್ಟಿದ ಸುರಂಗದಲ್ಲಿ ಪರೀಕ್ಷೆಗೆ ಜಾಗವಿದ್ದುದು ಕೇವಲ 1 ಅಂಗುಲಕ್ಕೆ 3 ಅಂಗುಲ! ಇಷ್ಟು ಕಿರಿದಾದ ಉಪಕರಣಗಳ ನಡುವೆಯೇ ರೊದ್ದಂ ನರಸಿಂಹ ಅವರಂಥ ಶಿಷ್ಯರು ಬೆಳೆದರು. ನಯವಾದ ವಾಯುಪ್ರವಾಹವು ಕ್ಷೋಭೆಗೊಳ್ಳುವ ಬಗೆಯನ್ನು ಕುರಿತು ಗುರುಶಿಷ್ಯರು ಕೂಡಿ 1958ರಲ್ಲಿ ಪ್ರಕಟಿಸಿದ ಪ್ರಬಂಧವು ಆ ಶಾಸ್ತ್ರದಲ್ಲಿ ಇಂದಿಗೂ ಮಾನ್ಯವಾಗಿದೆ. ಆ ಸುರಂಗಕ್ಕಿಂತ ದೊಡ್ಡ ವಿದ್ಯಾಶಾಲೆಯನ್ನು ನಾನು ಊಹಿಸಲಾರೆ.

1962ರಿಂದ 1981ರವರೆಗೆ ಅವರು ಸಂಸ್ಥೆಯ ನಿರ್ದೇಶಕರಾಗಿದ್ದರು. ಜಿ. ಎನ್. ರಾಮಚಂದ್ರನ್ ಮದರಾಸಿನಿಂದ ಬಂದು ಆಣ್ವಿಕ ಜೀವಭೌತವಿಜ್ಞಾನ ವಿಭಾಗವನ್ನು ಆರಂಭಿಸಿದ್ದು ಈ ಕಾಲದಲ್ಲಿಯೇ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಘಟಕ ಹುಟ್ಟಿದ್ದೂ ಆಗಲೇ. ನಮ್ಮ ಅಡಿಗೆಮನೆಗಳಿಗೆ ಬಂದ ಅಸ್ತ್ರ ಒಲೆಯ ಹಿಂದೆ ವಿಮಾನಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಪೋಷಣೆಯಿತ್ತೆಂಬುದು ಹೆಮ್ಮೆಯ ಸಂಗತಿ.

ದೇಶದ ಬಾಹ್ಯಾಕಾಶ ಕಾರ್ಯವನ್ನು ಮುನ್ನಡೆಸುತ್ತಿದ್ದ ವಿಕ್ರಮ ಸಾರಾಭಾಯಿಯವರ ನಿಧನಾನಂತರ, 1972ರಲ್ಲಿ, ಆ ಕಾರ್ಯದ ಹೊಣೆ ಹೊರುವಾಗ, ನಿರ್ದೇಶಕತ್ವವನ್ನು ತ್ಯಜಿಸಲಾರೆನೆಂದೂ ಅದರ ಪ್ರಧಾನ ಕಚೇರಿ ಬೆಂಗಳೂರಿನಲ್ಲಿಯೇ ಇರತಕ್ಕದ್ದೆಂದೂ ಅವರು ನಿಬಂಧನೆ ವಿಧಿಸಿದರು. 1979ರಲ್ಲಿ ಉಪಗ್ರಹವನ್ನು ಹೊತ್ತ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರೆದುರು ತಾವೇ ನಿಂತು, ಮರುವರ್ಷ ಜಯ ಲಭಿಸಿದಾಗ ಆ ಯೋಜನೆಯ ನೇತಾರರಾದ ಅಬ್ದುಲ್ ಕಲಾಂ ಅವರನ್ನು ಮುಂದೆ ಕಳುಹಿಸಿದ ಕಥೆ ಸುಪ್ರಸಿದ್ಧ.

ಅಧಿಕಾರ ಮುಗಿದ ಮೇಲೆ ಅವರು ಹಕ್ಕಿಗಳ ಹಾರಾಟವನ್ನು ಅಭ್ಯಸಿಸತೊಡಗಿ, 1991ರಲ್ಲಿ 'ಬರ್ಡ್ ಫ್ಲೈಟ್' ಎಂಬ ಗ್ರಂಥವನ್ನು ಹೊರತಂದರು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗ್ರಂಥಾಲಯಗಳಲ್ಲಿ ಅದನ್ನು ಅರಸಿ ಓದಬೇಕೆಂದು ನನ್ನ ಪ್ರಾರ್ಥನೆ.